ಹುತ್ತರಿ ಮುಗಿದ ಮೇಲೆ ಮನೆಮಂದಿಯೆಲ್ಲ ಒಂದು ದಿನ ನಿಸರ್ಗಧಾಮಕ್ಕೆ: ಹೇಗೆ ಹೊರಡುವುದು?

ಮಡಿಕೇರಿಯ ಗೃಹಿಣಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಈ ಬಾರಿ ನಮ್ಮ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಬೆಂಗಳೂರು ಮತ್ತು ಮಂಗಳೂರಿನಲ್ಲಿರುವ ನಮ್ಮ ನೆಂಟರೆಲ್ಲ ಮಡಿಕೇರಿಯ ಮನೆಗೆ ಬರುವುದು ನಿಶ್ಚಯವಾಗಿದೆ. ರಾತ್ರಿ ಕದಿರು (ಹೊಸ ಭತ್ತದ ತೆನೆ) ತೆಗೆದು, ಮರುದಿನವೆಲ್ಲ ಮನೆಯಲ್ಲೇ ದಣಿವಾರಿಸಿಕೊಂಡು, ಅದರ ಮಾರನೆಯ ದಿನ ಎಲ್ಲರೂ ಕೂಡಿ ಎಲ್ಲಿಗಾದರೂ ಹೋಗಿ ಸಂಜೆಯೊಳಗೆ ಹಿಂದಿರುಗಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ನಾವು ಒಟ್ಟು ಹದಿನಾಲ್ಕು ಮಂದಿ. ಅತ್ತೆಯವರಿಗೆ 76 ವರ್ಷ, ಎರಡೂ ಮೊಣಕಾಲು ನೋವು. ನಾದಿನಿಯ ಮಗುವಿಗೆ ಇನ್ನೂ ಎರಡು ತುಂಬಿಲ್ಲ. ನಡುವೆ ಐದರಿಂದ ಹದಿಮೂರರವರೆಗಿನ ಐದು ಮಕ್ಕಳಿದ್ದಾರೆ.

ರಾಜಾಸೀಟು ನಮಗೆ ದಿನನಿತ್ಯದ ಜಾಗ. ಅಬ್ಬಿ ಜಲಪಾತಕ್ಕೆ ಇಳಿದು ಹತ್ತಬೇಕಾದ ಮೆಟ್ಟಿಲುಗಳನ್ನು ನೆನೆದರೇ ಅತ್ತೆಯವರು ಬೇಡವೆನ್ನುತ್ತಾರೆ. ಮಾಂದಲಪಟ್ಟಿಗೆ ಜೀಪಿನಲ್ಲಿ ಕುಲುಕಿಕೊಂಡು ಹೋಗುವುದು ಅವರಿಂದಲೂ ಆಗದು, ಮಗುವಿನಿಂದಲೂ ಆಗದು. ಹೀಗಾಗಿ ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮವೇ ಸರಿ ಎನಿಸಿದೆ. ಆದರೆ ಅಲ್ಲಿ ತೂಗುಸೇತುವೆ ದಾಟದೆ ಒಳಗೆ ಹೋಗುವಂತಿಲ್ಲವಲ್ಲ, ಅತ್ತೆಯವರಿಗೆ ಅದು ಸಾಧ್ಯವೇ? ಅದೇ ದಿನ ದುಬಾರೆಯ ಆನೆ ಶಿಬಿರವನ್ನೂ ಬೈಲಕುಪ್ಪೆಯ ಟಿಬೆಟನ್ನರ ಸ್ವರ್ಣ ದೇವಾಲಯವನ್ನೂ ನೋಡಿ ಬರಬಹುದೇ? ಊಟದ ವ್ಯವಸ್ಥೆ ಹೇಗೆ? ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ವಿರಾಜಪೇಟೆಯ ಓದುಗ

ಖಂಡಿತ ಮೂರನ್ನೂ ನೋಡಬಹುದು, ಮೇಡಂ. ಬೆಳಗ್ಗೆ ದುಬಾರೆಯಲ್ಲಿ ಆನೆಗಳ ಸ್ನಾನ, ಮಧ್ಯಾಹ್ನ ನಿಸರ್ಗಧಾಮ, ಸಂಜೆ ಸ್ವರ್ಣ ದೇವಾಲಯ. ಎಲ್ಲವೂ ಒಂದೇ ದಿಕ್ಕಿನಲ್ಲಿವೆ. ನಾವು ಕಳೆದ ವರ್ಷ ಹೀಗೆಯೇ ಹೋಗಿ ಬಂದೆವು, ಯಾವ ತೊಂದರೆಯೂ ಆಗಲಿಲ್ಲ.

ಕುಶಾಲನಗರದ ನಿವಾಸಿ

ಮೇಲಿನ ಓದುಗರು ಎಷ್ಟು ಜನ ಹೋಗಿದ್ದರೆಂದು ತಿಳಿಯುವ ಕುತೂಹಲವಿದೆ. ನಾಲ್ಕು ಜನ ಪ್ರಾಯದವರು ಒಂದು ಕಾರಿನಲ್ಲಿ ಹೋಗುವುದಕ್ಕೂ, ಕೈಗೂಸು ಮತ್ತು ಅಜ್ಜಿಯನ್ನು ಕರೆದುಕೊಂಡು ಹದಿನಾಲ್ಕು ಜನ ಹೊರಡುವುದಕ್ಕೂ ಬಹಳ ಅಂತರವಿದೆ. ಇಷ್ಟು ದೊಡ್ಡ ಬಳಗ ಒಂದು ಕಡೆ ವಾಹನದಿಂದಿಳಿದು, ಶೌಚಾಲಯಕ್ಕೆ ಹೋಗಿ ಬಂದು, ಟಿಕೆಟ್ ಕೊಂಡು ಒಳಗೆ ಕಾಲಿಡುವಷ್ಟರಲ್ಲೇ ಮುಕ್ಕಾಲು ಗಂಟೆ ಕಳೆದಿರುತ್ತದೆ. ಮೂರು ಜಾಗವೆಂದರೆ ಮೂರು ಸಲ ಈ ಮುಕ್ಕಾಲು ಗಂಟೆ. ಕೊನೆಗೆ ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ವಾಹನದ ಕಿಟಕಿ ಮಾತ್ರ. ನನ್ನ ಅಭಿಪ್ರಾಯದಲ್ಲಿ ನಿಸರ್ಗಧಾಮವೊಂದನ್ನೇ ದಿನದ ಗುರಿಯಾಗಿಟ್ಟುಕೊಳ್ಳಿ, ಉಳಿದದ್ದೆಲ್ಲ ಸಮಯವಿದ್ದರೆ ನೋಡಿಕೊಳ್ಳಿ.

ತೂಗುಸೇತುವೆಯ ವಿಷಯಕ್ಕೆ ಬರುತ್ತೇನೆ. ನಿಸರ್ಗಧಾಮವೆಂದರೆ ಕಾವೇರಿಯ ನಡುವಿನ ಸುಮಾರು 64 ಎಕರೆಯ ನಡುಗಡ್ಡೆ. ಅರಣ್ಯ ಇಲಾಖೆ 1989ರಲ್ಲಿ ಇದನ್ನು ಉದ್ಯಾನವಾಗಿ ರೂಪಿಸಿತು. ಹೆದ್ದಾರಿಯ ಕಡೆಯ ದಡದಿಂದ ಸೇತುವೆ ದಾಟಿಯೇ ಒಳಗೆ ಹೋಗಬೇಕು. ಸೇತುವೆ ಗಟ್ಟಿಯಾಗಿಯೇ ಇದೆ, ಆದರೆ ಜನ ನಡೆದಾಗ ತೂಗುತ್ತದೆ. ತೊಂದರೆ ಕೊಡುವುದು ಸೇತುವೆಯಲ್ಲ, ಅದರ ಮೇಲೆ ಬೇಕೆಂದೇ ಕುಣಿದು ಅಲುಗಾಡಿಸುವ ತರುಣರು ಮತ್ತು ನಟ್ಟನಡುವೆ ನಿಂತು ಸೆಲ್ಫಿ ತೆಗೆದುಕೊಳ್ಳುವವರು. ಬೆಳಗ್ಗೆ 9 ಗಂಟೆಯ ಹೊತ್ತಿಗೆ, ಪ್ರವಾಸಿ ಬಸ್ಸುಗಳು ಬರುವ ಮುಂಚೆಯೇ ಹೋದರೆ ಸೇತುವೆ ಹೆಚ್ಚುಕಡಿಮೆ ಖಾಲಿ ಇರುತ್ತದೆ. ಆಗ ನಿಮ್ಮ ಅತ್ತೆಯವರ ಮುಂದೆ ಒಬ್ಬರು, ಹಿಂದೆ ಒಬ್ಬರು ನಡೆದು, ಮಕ್ಕಳನ್ನು ಅವರು ದಾಟುವವರೆಗೆ ಈಚೆಯ ದಡದಲ್ಲೇ ನಿಲ್ಲಿಸಿಕೊಂಡರೆ ಸಾಕು. ನನ್ನ ತಾಯಿಯವರು ಎಂಬತ್ತು ದಾಟಿದ ಮೇಲೂ ಹೀಗೆಯೇ ದಾಟಿದ್ದಾರೆ. ಒಳಗಿನ ನೆಲ ಬಹುಪಾಲು ಸಮತಟ್ಟಾಗಿದ್ದು, ಬಿದಿರಿನ ನೆರಳು ಹೇರಳವಾಗಿದೆ.

ಸುಂಟಿಕೊಪ್ಪದ ಬಾಡಿಗೆ ವಾಹನ ಚಾಲಕ

ವಾಹನದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಹದಿನಾಲ್ಕು ಜನಕ್ಕೆ ಮೂರು ಕಾರು ತೆಗೆದುಕೊಂಡರೆ ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಹುಡುಕಿ ಫೋನ್ ಮಾಡುವುದೇ ಆಗುತ್ತದೆ. ಒಂದೇ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಳ್ಳಿ, ಆದರೆ ಹುತ್ತರಿಯ ವಾರದಲ್ಲಿ ವಾಹನಗಳಿಗೆ ಬೇಡಿಕೆ ಹೆಚ್ಚಾದ್ದರಿಂದ ಮೊದಲೇ ಮಾತಾಡಿ, ಕಾಯುವ ಸಮಯವೂ ಸೇರಿ ಬಾಡಿಗೆ ಎಷ್ಟೆಂದು ಒಂದೇ ಸಲ ಗೊತ್ತುಮಾಡಿಕೊಳ್ಳಿ. ಸಂಜೆ ಮನೆಯ ಅಂಗಳದಲ್ಲಿ ನಿಂತು ಲೆಕ್ಕದ ಮೇಲೆ ವಾದ ಮಾಡುವುದು ನಿಮಗೂ ಚೆನ್ನಲ್ಲ, ನಮಗೂ ಚೆನ್ನಲ್ಲ. ಖರ್ಚು ಕಡಿಮೆಯಾಗಬೇಕೆಂದರೆ ಮಡಿಕೇರಿಯಿಂದ ಕುಶಾಲನಗರಕ್ಕೆ ಬಸ್ಸುಗಳಿಗೆ ಕೊರತೆಯಿಲ್ಲ. ಆದರೆ ಮೊಣಕಾಲು ನೋವಿರುವವರನ್ನು ಬಸ್ಸಿನ ಮೆಟ್ಟಿಲು ಹತ್ತಿಸುವುದು ಕಷ್ಟ.

ಮಡಿಕೇರಿಯಿಂದ ನಿಸರ್ಗಧಾಮಕ್ಕೆ ಮೂವತ್ತು ಕಿಲೋಮೀಟರಿನ ಒಳಗೇ ದಾರಿ. ಬೋಯಿಕೇರಿ, ಕೆದಕಲ್ ಕಡೆಯ ತಿರುವುಗಳಲ್ಲಿ ಬಯಲುಸೀಮೆಯಿಂದ ಬಂದ ಮಕ್ಕಳಿಗೆ ಹೊಟ್ಟೆ ತೊಳೆಸುವುದು ಸಾಮಾನ್ಯ. ಬೆಳಗ್ಗೆ ಹೊಟ್ಟೆ ತುಂಬ ತಿನ್ನಿಸಿ ಕೂರಿಸಬೇಡಿ. ಅರ್ಧ ಇಡ್ಲಿ ಸಾಕು, ಉಳಿದದ್ದು ಹೋದ ಮೇಲೆ. ಹಬ್ಬದ ಮಾರನೆಯ ದಿನಗಳಲ್ಲಿ ನನ್ನ ವಾಹನ ತೊಳೆಯುವುದೇ ಒಂದು ದೊಡ್ಡ ಕೆಲಸವಾಗಿಬಿಡುತ್ತದೆ, ಆದ್ದರಿಂದ ಈ ಮಾತಿನಲ್ಲಿ ನನ್ನ ಸ್ವಾರ್ಥವೂ ಇದೆಯೆಂದು ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಮುಖ್ಯ ಮಾತು. ಸುಂಟಿಕೊಪ್ಪ ದಾಟಿದ ಮೇಲೆ ಆನೆಕಾಡು ಸಿಗುತ್ತದೆ. ಹೆಸರೇ ಹೇಳುವಂತೆ ಅಲ್ಲಿ ಕಾಡಾನೆಗಳು ರಸ್ತೆ ದಾಟುತ್ತವೆ. ಕತ್ತಲಾಗುವ ಮುಂಚೆ ಆ ಭಾಗವನ್ನು ದಾಟಿಬಿಡಿ. ಆನೆ ಕಂಡರೆ ಮಕ್ಕಳಿಗೆ ತೋರಿಸಲೆಂದು ವಾಹನ ನಿಲ್ಲಿಸುವುದಾಗಲಿ, ಇಳಿದು ಫೋಟೋ ತೆಗೆಯುವುದಾಗಲಿ, ಹಾರ್ನ್ ಹೊಡೆಯುವುದಾಗಲಿ ಬೇಡ. ನಿಸರ್ಗಧಾಮದ ಬಾಗಿಲು ಇರುವುದು ಮೈಸೂರು ಹೆದ್ದಾರಿಯ ಪಕ್ಕದಲ್ಲೇ. ರಸ್ತೆಯ ಆಚೆ ಬದಿಯಲ್ಲಿ ವಾಹನ ನಿಲ್ಲಿಸಬೇಕಾಗಿ ಬಂದರೆ ಮಕ್ಕಳನ್ನು ಕೈಹಿಡಿದೇ ದಾಟಿಸಿ, ಅಲ್ಲಿ ವಾಹನಗಳು ಬಹಳ ವೇಗವಾಗಿ ಬರುತ್ತವೆ.

ಬೆಂಗಳೂರಿನಲ್ಲಿರುವ ಕೊಡಗಿನ ಸೊಸೆ

ಅಕ್ಕಾ, ನಾನೂ ಕಳೆದ ವರ್ಷ ಒಂದೂವರೆ ವರ್ಷದ ಮಗುವಿನೊಂದಿಗೆ ಹೋಗಿದ್ದೆ. ತಳ್ಳುಗಾಡಿ ತೆಗೆದುಕೊಂಡು ಹೋಗಿ ಸೇತುವೆಯ ಬಳಿ ಪಶ್ಚಾತ್ತಾಪಪಟ್ಟೆ. ಮಗುವನ್ನು ಎತ್ತಿಕೊಳ್ಳುವ ಚೀಲವಿದ್ದರೆ ಅದೇ ಒಳ್ಳೆಯದು, ಇಲ್ಲದಿದ್ದರೆ ಮನೆಯಲ್ಲಿ ಎತ್ತಿಕೊಳ್ಳುವ ಮಾವಂದಿರು ಹೇಗೂ ಇರುತ್ತಾರೆ. ಡಿಸೆಂಬರಿನಲ್ಲಿ ಮಡಿಕೇರಿಯಿಂದ ಹೊರಡುವಾಗ ಮಂಜು, ಚಳಿ ಎಂದು ಸ್ವೆಟರ್, ಟೋಪಿ, ಕಾಲುಚೀಲ ಎಲ್ಲವನ್ನೂ ತೊಡಿಸಿರುತ್ತೇವೆ. ಆದರೆ ಕುಶಾಲನಗರ ಮಡಿಕೇರಿಗಿಂತ ಸುಮಾರು ಮುನ್ನೂರು ಮೀಟರ್ ಕೆಳಗಿರುವುದರಿಂದ ಹನ್ನೊಂದು ಗಂಟೆಗೆಲ್ಲ ಬಿಸಿಲು ಚುರುಕಾಗಿ ಮಗು ಬೆವರತೊಡಗುತ್ತದೆ. ಒಳಗೆ ತೆಳುವಾದ ಹತ್ತಿಬಟ್ಟೆ, ಮೇಲೊಂದು ಸ್ವೆಟರ್, ಅಷ್ಟು ಸಾಕು.

ಊಟದ ವಿಷಯ. ಪ್ಲಾಸ್ಟಿಕ್ ತಟ್ಟೆ, ಲೋಟ, ಚೀಲಗಳನ್ನು ತೆಗೆದುಕೊಂಡು ಹೋಗಲೇಬೇಡಿ. ಬುತ್ತಿಯನ್ನು ಸ್ಟೀಲ್ ಡಬ್ಬಿಗಳಲ್ಲಿ ತುಂಬಿ, ಒಳಗೆ ತರಬಹುದೇ ಎಂದು ದ್ವಾರದಲ್ಲಿ ಕೇಳಿಕೊಳ್ಳಿ. ಬೇಡವೆಂದರೆ ಡಬ್ಬಿಗಳು ವಾಹನದಲ್ಲೇ ಇರಲಿ, ಹೊರಗೆ ಬಂದು ತಿನ್ನಬಹುದು. ಹಬ್ಬಕ್ಕೆ ಮಾಡಿದ ತಂಬುಟ್ಟು ಉಳಿದೇ ಉಳಿಯುತ್ತದೆ, ಅದು ಮಕ್ಕಳ ಹಸಿವಿಗೆ ಸಾಕು. ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ, ಬೇಯಿಸಿದ ಹುತ್ತರಿ ಗೆಣಸು, ಅತ್ತೆಯವರಿಗೆ ಮೊಸರನ್ನ. ಪಂದಿ ಕರಿ (ಹಂದಿಮಾಂಸದ ಅಡುಗೆ) ಬೇಕೆಂದು ಗಂಡಸರು ಹೇಳುತ್ತಾರೆ. ಎಣ್ಣೆ ಚೀಲಕ್ಕೆಲ್ಲ ಇಳಿದು, ನಾಯಿಗಳು ಬೆನ್ನು ಬಿಡದೆ ಬಂದು, ಕೈ ತೊಳೆಯಲು ನೀರು ಸಾಲದೆ ಆಗುವ ಫಜೀತಿಯನ್ನು ನಾನು ಕಂಡಿದ್ದೇನೆ. ಪಂದಿ ಕರಿ ಏನಿದ್ದರೂ ರಾತ್ರಿ ಮನೆಗೆ ಬಂದ ಮೇಲೆ.

ಗೋಣಿಕೊಪ್ಪದ ಬೆಳೆಗಾರ

ಪಂದಿ ಕರಿಯ ಬಗ್ಗೆ ನನ್ನ ಆಕ್ಷೇಪಣೆಯನ್ನು ದಾಖಲಿಸುತ್ತೇನೆ. ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿ ಒಣಗಿಸಿ ಹುರಿದದ್ದನ್ನು ಕೊಂಡೊಯ್ದರೆ ಏನೂ ಆಗುವುದಿಲ್ಲ. ಉಳಿದ ಮಾತುಗಳಿಗೆ ನನ್ನ ಸಹಮತವಿದೆ.

ದಿನದ ಆಯ್ಕೆಯ ಬಗ್ಗೆ ಒಂದು ಸೂಚನೆ. ಹುತ್ತರಿಯ ದಿನ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗುವುದರಿಂದ ವರ್ಷ ವರ್ಷವೂ ಬದಲಾಗುತ್ತದೆ. ನೀವು ಹೊರಡುವ ದಿನ ಶನಿವಾರ ಅಥವಾ ಭಾನುವಾರವಾದರೆ ಬೆಂಗಳೂರು, ಮೈಸೂರಿನ ಜನಸಂದಣಿಯ ನಡುವೆ ಸಿಕ್ಕಿಬೀಳುತ್ತೀರಿ. ಒಂದು ದಿನ ಮುಂದೂಡಿ ಸೋಮವಾರ ಮಾಡಿಕೊಳ್ಳಲು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಉಪಾಯ ಬೇರೆಯಿಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಂತೂ ಕೊಡಗಿನವರು ಮನೆಯೊಳಗಿರುವುದೇ ಕ್ಷೇಮ. ತೋಟವಿರುವ ನೆಂಟರಿದ್ದರೆ ಅರೇಬಿಕಾ ಕೊಯ್ಲಿನ ಮಧ್ಯೆ ಅವರು ಬರುತ್ತಾರೋ ಇಲ್ಲವೋ ಎಂದು ಮೊದಲೇ ಕೇಳಿಕೊಂಡು ವಾಹನದ ಸೀಟು ಲೆಕ್ಕ ಹಾಕಿ.

ವಿರಾಜಪೇಟೆಯ ಓದುಗ

ನಾವು ಐದು ಜನ ಹೋಗಿದ್ದೆವು, ಎಲ್ಲರೂ ಪ್ರಾಯದವರೇ, ಒಪ್ಪಿಕೊಂಡೆ. ಆದರೂ ದುಬಾರೆಯನ್ನು ಬಿಡುವುದು ಸರಿಯಲ್ಲ ಎನ್ನುತ್ತೇನೆ. ಮಕ್ಕಳಿಗೆ ಆನೆಯಷ್ಟು ಖುಷಿ ಕೊಡುವುದು ಬಿದಿರಲ್ಲ.

ಕುಶಾಲನಗರದ ನಿವಾಸಿ

ಆನೆಯ ಮಾತು ನಿಜ. ಹಾಗಾದರೆ ದುಬಾರೆಯ ದಿನವೇ ಬೇರೆ, ನಿಸರ್ಗಧಾಮದ ದಿನವೇ ಬೇರೆ ಎಂದು ಇಟ್ಟುಕೊಳ್ಳಬೇಕು. ಆನೆಗಳ ಸ್ನಾನ ನೋಡಬೇಕಾದರೆ ಬೆಳಗ್ಗೆ 9ರಿಂದ 11ರೊಳಗೆ ಅಲ್ಲಿರಬೇಕು. ಅದಕ್ಕೆ ಗುಡ್ಡೆಹೊಸೂರಿನಲ್ಲಿ ತಿರುಗಿ ನಂಜರಾಯಪಟ್ಟಣದ ದಾರಿ ಹಿಡಿದು, ದೋಣಿಗೆ ಸರದಿಯಲ್ಲಿ ನಿಂತು, ಹೊಳೆ ದಾಟಬೇಕು. ದೋಣಿ ಹತ್ತಿ ಇಳಿಯುವಾಗ ದಡದ ಕಲ್ಲುಗಳ ಮೇಲೆ ಕಾಲಿಡಬೇಕಾಗುತ್ತದೆ, ಮೊಣಕಾಲು ನೋವಿನವರಿಗೆ ತೂಗುಸೇತುವೆಗಿಂತ ಅದು ಎಷ್ಟೋ ಪಾಲು ಕಷ್ಟ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಗಳ ಮೇಲೆ ನಡೆದೇ ದಾಟಲು ಹೊರಡುವವರಿದ್ದಾರೆ, ಅದನ್ನು ಯಾರೂ ಅನುಸರಿಸದಿರಲಿ. ಇನ್ನೊಂದು ವಿಷಯವನ್ನು ಹೊರಗಿನವರು ಗಮನಿಸುವುದಿಲ್ಲ: ಮೈಸೂರು ದಸರೆಗೆ ದುಬಾರೆಯ ಆನೆಗಳೂ ಹೋಗುವುದರಿಂದ, ಆ ತಿಂಗಳುಗಳಲ್ಲಿ ಬಂದವರು ಶಿಬಿರದಲ್ಲಿ ಆನೆ ಕಡಿಮೆಯೆಂದು ದೂರುತ್ತಾರೆ. ಹುತ್ತರಿಯ ಹೊತ್ತಿಗೆ ಅವು ಹಿಂದಿರುಗಿರುತ್ತವೆ.

ಸ್ವರ್ಣ ದೇವಾಲಯ ಇರುವುದು ಕಾವೇರಿಯ ಆಚೆ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ನಿಸರ್ಗಧಾಮದಿಂದ ಹೆಚ್ಚು ದೂರವಿಲ್ಲ. ಆದರೆ ಅದು 1960ರ ದಶಕದ ಆರಂಭದಲ್ಲಿ ನೆಲೆಯೂರಿದ ಟಿಬೆಟನ್ನರ ಆರಾಧನೆಯ ಸ್ಥಳ, ನೂರಾರು ಭಿಕ್ಷುಗಳು ಓದುತ್ತಿರುವ ಮಠ. ಬೆಳಗಿನಿಂದ ಓಡಾಡಿ ಅಳುಮೋರೆಯಾಗಿರುವ ಮಕ್ಕಳನ್ನು ಸಂಜೆ ಅಲ್ಲಿಗೆ ಕರೆದೊಯ್ದು ಗದ್ದಲ ಮಾಡಬೇಡಿರೆಂದು ಗದರಿಸುತ್ತ ನಿಲ್ಲುವುದರಲ್ಲಿ ಯಾರಿಗೂ ಸುಖವಿಲ್ಲ.

ಸೋಮವಾರಪೇಟೆಯ ನಿವೃತ್ತ ಅಧ್ಯಾಪಕ

ಬಿದಿರಿನಿಂದ ಮಕ್ಕಳಿಗೆ ಖುಷಿ ಸಿಗುವುದಿಲ್ಲವೆಂಬ ಮಾತಿಗೆ ನಾನು ಸುಮ್ಮನಿರಲಾರೆ. ಮೂವತ್ತು ವರ್ಷ ಶಾಲಾ ಪ್ರವಾಸಗಳಿಗೆ ಮಕ್ಕಳನ್ನು ಕರೆದೊಯ್ದವನು ನಾನು. ಮಕ್ಕಳಿಗೆ ಬೇಸರ ಬರುವುದು ನೋಡಲು ಏನೂ ಇಲ್ಲದಿರುವುದರಿಂದಲ್ಲ, ಹೇಗೆ ನೋಡಬೇಕೆಂದು ಜೊತೆಯಲ್ಲಿರುವ ದೊಡ್ಡವರು ಹೇಳಿಕೊಡದಿರುವುದರಿಂದ.

ಸೇತುವೆಯ ಮೇಲೆಯೇ ಆರಂಭಿಸಿ. ಈ ನೀರು ಎಲ್ಲಿಂದ ಬಂತು ಎಂದು ಕೇಳಿ. ತಲಕಾವೇರಿಯಲ್ಲಿ ಬೊಗಸೆಯಷ್ಟಿದ್ದದ್ದು ಭಾಗಮಂಡಲದಲ್ಲಿ ಕನ್ನಿಕೆಯನ್ನು ಕೂಡಿಕೊಂಡು, ನಮ್ಮ ಗದ್ದೆ ತೋಟಗಳ ಹಳ್ಳಗಳನ್ನೆಲ್ಲ ಸೇರಿಸಿಕೊಂಡು ಇಲ್ಲಿಗೆ ಬಂದಿದೆ. ಇಲ್ಲಿಂದ ಮುಂದೆ ಕೂಡಿಗೆಯಲ್ಲಿ ಹಾರಂಗಿ ಬಂದು ಸೇರುತ್ತದೆ. ಆ ಊರಿನ ಹೆಸರಿನಲ್ಲೇ ಕೂಡುವ ಮಾತಿದೆಯಲ್ಲ ಎಂದು ಹೇಳಿದರೆ ಹತ್ತು ವರ್ಷದ ಮಗುವಿನ ಕಣ್ಣು ಅರಳುತ್ತದೆ. ಇದೇ ನೀರು ಕೃಷ್ಣರಾಜಸಾಗರವನ್ನು ತುಂಬಿಸಿ, ಅಲ್ಲಿಂದ ಬೆಂಗಳೂರಿನ ನಲ್ಲಿಗಳಿಗೂ ಹೋಗುತ್ತದೆ. ನಿಮ್ಮ ಬೆಂಗಳೂರಿನ ನೆಂಟರ ಮಕ್ಕಳಿಗೆ, ನೀವು ಮನೆಯಲ್ಲಿ ಕುಡಿಯುವ ನೀರು ಇದೇ ಎಂದು ಸೇತುವೆಯಿಂದ ತೋರಿಸಿ; ನಂತರ ಹೊಳೆಗೆ ಚಿಪ್ಸಿನ ಪೊಟ್ಟಣ ಎಸೆಯುವುದಿಲ್ಲವೆಂದು ಅವರಾಗಿಯೇ ಹೇಳುತ್ತಾರೆ.

ಇನ್ನು ಬಿದಿರು. ಅದು ಮರವಲ್ಲ, ಹುಲ್ಲಿನ ಜಾತಿ. ಮಗುವಿಗೆ ಮೊದಲು ಇದನ್ನು ಹೇಳಿ, ನಂಬುವುದಿಲ್ಲ. ಆಮೇಲೆ ಭತ್ತದ ತೆನೆಯ ನೆನಪು ಕೊಡಿ. ಎರಡು ದಿನದ ಹಿಂದೆಯಷ್ಟೇ ಕದಿರು ಕಂಡ ಮಗುವಿಗೆ ಗಂಟು, ಗರಿ, ಟೊಳ್ಳು ಕಾಂಡ ಎಲ್ಲವೂ ಭತ್ತದಲ್ಲಿದ್ದ ಹಾಗೆಯೇ ಇದೆಯೆಂದು ಥಟ್ಟನೆ ಹೊಳೆಯುತ್ತದೆ. ಮಳೆಗಾಲದಲ್ಲಿ ಮೇಲೇಳುವ ಕಣಿಲೆಯೇ (ಬಿದಿರಿನ ಎಳೆ ಮೊಳಕೆ) ನಾವು ತಿನ್ನುವ ಬೈಂಬಳೆ ಕರಿಯೆಂದು ಹೇಳಿ. ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಮಾತ್ರ ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಒಣಗಿ ಸಾಯುತ್ತದೆ. ಬಿದಿರಕ್ಕಿ ಬಿದ್ದ ವರ್ಷ ಇಲಿಗಳು ಮಿತಿಮೀರಿ ಹೆಚ್ಚುವುದರಿಂದ ಬಿದಿರು ಹೂಬಿಟ್ಟರೆ ಬರಗಾಲವೆಂದು ಹಿರಿಯರು ಹೆದರುತ್ತಿದ್ದರು. ನಿಮ್ಮ ಅತ್ತೆಯವರ ವಯಸ್ಸಿನವರು ಬಿದಿರು ಹೂಬಿಟ್ಟದ್ದನ್ನು ಕಂಡಿರುವ ಸಾಧ್ಯತೆಯಿದೆ. ಅವರನ್ನು ಮೆಳೆಯ ನೆರಳಿನಲ್ಲಿ ಕೂರಿಸಿ, ಮಕ್ಕಳನ್ನು ಸುತ್ತ ಕೂರಿಸಿ ಕೇಳಿ ನೋಡಿ. ಅಷ್ಟು ದೊಡ್ಡ ಬಳಗದಲ್ಲಿ ನಡೆಯಲಾಗದವರು ಒಂದೆಡೆ ಕೂತು ಇತರರ ಚಪ್ಪಲಿ, ಚೀಲ ಕಾಯುವುದು ವಾಡಿಕೆ. ಹಾಗಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಜಿಂಕೆಗಳಿಗೆ ಮನೆಯ ತಿಂಡಿ ಹಾಕಬಾರದೆಂದು ಹೊರಡುವ ಮುಂಚೆಯೇ ಹೇಳಿಡಿ. ಬೇಲಿಯ ಬಳಿ ಹೇಳಿದರೆ ಕೇಳುವವರಿಲ್ಲ. ಮರಗಳ ಮೇಲೆ ಕೆಂದಳಿಲು, ನೀರಿನಂಚಿನಲ್ಲಿ ಮಿಂಚುಳ್ಳಿ ಮತ್ತು ನೀರುಕಾಗೆ ಕಾಣಬಹುದು. ಮೊದಲು ಕಂಡವರಿಗೆ ಒಂದು ತಂಬುಟ್ಟಿನ ಉಂಡೆ ಬಹುಮಾನವೆಂದರೆ ಐದೂ ಮಕ್ಕಳು ಅರ್ಧ ಗಂಟೆ ಸದ್ದಿಲ್ಲದೆ ನಡೆಯುತ್ತಾರೆ. ಇದು ಪರೀಕ್ಷಿತ ವಿಧಾನ.

ಕೊನೆಯದಾಗಿ ಹೊಳೆಯ ಬಗ್ಗೆ. ನೋಡಲು ಶಾಂತವಾಗಿದ್ದರೂ ಕಾವೇರಿಯ ತಳದಲ್ಲಿ ಬಂಡೆಗಳೂ ಗುಂಡಿಗಳೂ ಇವೆ, ಪಾಚಿ ಜಾರುತ್ತದೆ. ಒಬ್ಬ ದೊಡ್ಡವರಿಗೆ ಬೇರೆ ಕೆಲಸವನ್ನೇ ಕೊಡದೆ ಮಕ್ಕಳ ತಲೆ ಎಣಿಸುವ ಕೆಲಸ ಮಾತ್ರ ಕೊಡಿ, ಗಂಟೆಗೊಮ್ಮೆ ಆ ಕೆಲಸವನ್ನು ಬದಲಾಯಿಸಿಕೊಳ್ಳಿ. ಎಲ್ಲರೂ ನೋಡುತ್ತಿದ್ದಾರೆಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ.

ಮಂಗಳೂರಿನ ಓದುಗ

ನಾವು ಜುಲೈ ತಿಂಗಳಲ್ಲಿ ಬರಬೇಕೆಂದಿದ್ದೇವೆ. ಮಳೆಗಾಲದಲ್ಲಿ ನಿಸರ್ಗಧಾಮ ಇನ್ನೂ ಚೆನ್ನಾಗಿರುತ್ತದೆಯಲ್ಲವೇ?

ಕುಶಾಲನಗರದ ನಿವಾಸಿ

ಹಸಿರೇನೋ ಚೆನ್ನ, ಆದರೆ ಅದು ಹೊಳೆಯ ನಡುವಿನ ಜಾಗವೆಂಬುದನ್ನು ಮರೆಯಬೇಡಿ. ತಲಕಾವೇರಿ, ಭಾಗಮಂಡಲದ ಕಡೆ ಮಳೆ ಸುರಿದರೆ ಕುಶಾಲನಗರದಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಆಗ ಪ್ರವೇಶ ನಿಲ್ಲಿಸುತ್ತಾರೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ನಮ್ಮೂರಿನ ತಗ್ಗಿನ ಬಡಾವಣೆಗಳಿಗೇ ಕಾವೇರಿ ನುಗ್ಗಿದ್ದನ್ನು ಕಂಡವರು ನಾವು. ಮಳೆಗಾಲದಲ್ಲಿ ಬರುವುದಾದರೆ ಹಿಂದಿನ ದಿನ ವಿಚಾರಿಸಿ ಹೊರಡಿ, ಮತ್ತು ಹಾರಂಗಿ ಅಣೆಕಟ್ಟಿನ ಕಡೆಗೆ ಹೋಗುವ ಪರ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮಡಿಕೇರಿಯ ಗೃಹಿಣಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಕೃತಜ್ಞತೆಗಳು. ಹೋಗಿ ಬಂದೆವು, ಆದ್ದರಿಂದ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಭಾನುವಾರವನ್ನು ಬಿಟ್ಟು ಸೋಮವಾರ ಹೊರಟೆವು; ಅದಕ್ಕಾಗಿ ಇಬ್ಬರು ಕಚೇರಿಗೆ ಒಂದು ದಿನ ಹೆಚ್ಚುವರಿ ರಜೆ ಹಾಕಿದರು. ಎಂಟಕ್ಕೆ ಹೊರಡಬೇಕೆಂದುಕೊಂಡದ್ದು ಎಂಟೂ ಮುಕ್ಕಾಲಾಯಿತು. ಅರ್ಧ ಇಡ್ಲಿಯ ಸಲಹೆಯನ್ನು ಪಾಲಿಸಿದ ಮಕ್ಕಳಿಗೆ ಏನೂ ಆಗಲಿಲ್ಲ, ಪಾಲಿಸದ ನನ್ನ ಭಾವನವರಿಗಾಗಿ ಕೆದಕಲ್ ಬಳಿ ವಾಹನ ನಿಲ್ಲಿಸಬೇಕಾಯಿತು. ಸೇತುವೆಯ ಮೇಲೆ ನಾವು ಮುಟ್ಟುವಾಗ ಒಂದೇ ಒಂದು ಕುಟುಂಬವಿತ್ತು. ಅವರು ದಾಟುವವರೆಗೆ ಕಾದು, ಅತ್ತೆಯವರನ್ನು ನಿಧಾನವಾಗಿ ಕರೆದೊಯ್ದೆವು. ನಡುವೆ ಒಮ್ಮೆ ನಿಂತು ಕೈಮುಗಿದು ಹೊಳೆ ನೋಡಿದರು, ಭಯಪಟ್ಟಂತೆ ಕಾಣಲಿಲ್ಲ.

ದುಬಾರೆಯನ್ನು ಕೈಬಿಟ್ಟಿದ್ದೆವು, ಸ್ವರ್ಣ ದೇವಾಲಯವನ್ನು ಮಾತ್ರ ನೋಡೋಣವೆಂದು ಮೂರು ಗಂಟೆಗೆ ಹೊರಡಿಸಲು ಪ್ರಯತ್ನಿಸಿದೆ. ಯಾರೂ ಏಳಲಿಲ್ಲ. ಮೇಷ್ಟ್ರು ಹೇಳಿದ ಹಾಗೆ ಬಿದಿರು ಹೂಬಿಟ್ಟದ್ದನ್ನು ಕಂಡಿದ್ದೀರಾ ಎಂದು ಕೇಳಿದ್ದೇ ತಡ, ಅತ್ತೆಯವರು ತವರಿನ ಗದ್ದೆಯಂಚಿನ ಮೆಳೆ ಒಣಗಿದ ವರ್ಷ, ಬಿದಿರಕ್ಕಿ ಗುಡಿಸಿ ತಂದು ಗಂಜಿ ಮಾಡಿದ್ದು, ಮನೆಯ ಅಟ್ಟದಲ್ಲಿ ಇಲಿ ಓಡಾಡುವ ಸದ್ದಿಗೆ ನಿದ್ದೆ ಬಾರದಿದ್ದದ್ದು, ಹೀಗೆ ಒಂದರ ಹಿಂದೊಂದು ಹೇಳುತ್ತ ಹೋದರು. ಈ ಮನೆಗೆ ಬಂದು ಹದಿನೇಳು ವರ್ಷವಾದ ನಾನೂ ಅದನ್ನೆಲ್ಲ ಕೇಳಿರಲಿಲ್ಲ. ಕೆಂದಳಿಲನ್ನು ಮೊದಲು ಕಂಡದ್ದು ಐದು ವರ್ಷದವಳು. ತಂಬುಟ್ಟಿನ ಉಂಡೆಗಾಗಿ ಆಮೇಲೆ ಜಗಳವೂ ಆಯಿತು. ಬುತ್ತಿಯನ್ನು ವಾಹನದಲ್ಲಿಟ್ಟು ಹೊರಗೆ ಬಂದು ತಿಂದೆವು. ಗೋಣಿಕೊಪ್ಪದವರ ಮಾತು ಕೇಳಿ ಒಣ ಪಂದಿಯನ್ನೂ ಒಯ್ದಿದ್ದೆವು, ಎಣ್ಣೆ ಸೋರಲಿಲ್ಲ, ಆದರೆ ನಾಯಿಗಳ ವಿಷಯದಲ್ಲಿ ಬೆಂಗಳೂರಿನ ತಂಗಿ ಹೇಳಿದ್ದೇ ಸರಿ. ಕತ್ತಲಾಗುವ ಮುಂಚೆ ಆನೆಕಾಡು ದಾಟಿದೆವು.

ಒಂದು ವಿನಂತಿ ಉಳಿದಿದೆ. ಒಳಗೆ ಬಿದಿರು ಮೆಳೆಯ ಬಳಿಯ ಬೆಂಚಿನ ಮೇಲೆ ಅತ್ತೆಯವರ ಕಾಫಿ ಫ್ಲಾಸ್ಕನ್ನು ಮರೆತು ಬಂದಿದ್ದೇವೆ, ಹಸಿರು ಬಣ್ಣದ್ದು, ಮುಚ್ಚಳಕ್ಕೆ ದಾರ ಕಟ್ಟಿದೆ. ಈ ವಾರ ಯಾರಾದರೂ ಆ ಕಡೆ ಹೋಗುವವರಿದ್ದರೆ ಟಿಕೆಟ್ ಕೌಂಟರಿನಲ್ಲಿ ಒಮ್ಮೆ ಕೇಳಿ ನೋಡುವಿರಾ?

ಕುಶಾಲನಗರದ ನಿವಾಸಿ

ನಾಳೆ ಬೆಳಗ್ಗೆ ಆ ದಾರಿಯಲ್ಲೇ ಹೋಗುವವನಿದ್ದೇನೆ, ಕೇಳಿ ತಿಳಿಸುತ್ತೇನೆ.